ಗ್ಲಾಸು ಒರೆಸುವ ಬಟ್ಟೆ

ವೈನಿನ ಗ್ಲಾಸನ್ನು ಗರಗರ ತಿರುಗಿಸಿ, ಮೂಗನ್ನು ಒಳಗೆ ತುರುಕಿ, ಧ್ಯಾನಕ್ಕೆ ಕೂತವರ ಹಾಗೆ ಕಣ್ಣು ಮುಚ್ಚುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮಣಿಪಾಲದಲ್ಲಿ ಈಗ ಅಂಥವರಿಗೆ ಬರಗಾಲವಿಲ್ಲ. ಎರಡು ಸುತ್ತು ತಿರುಗಿಸಿದರೆ ಸಾಕು, ವಾಸನೆ ತಾನಾಗಿ ಮೇಲೆ ಬರುತ್ತದೆ. ಇವರು ಮಜ್ಜಿಗೆ ಕಡೆದ ಹಾಗೆ ಕಡೆದು, ಅರ್ಧ ಅಂಗಿಗೆ ಚೆಲ್ಲಿಕೊಂಡು, ಮತ್ತೆ ನನ್ನ ಹತ್ತಿರವೇ ಬಂದು ಇದರಲ್ಲಿ ಚಾಕಲೇಟ್ ಉಂಟಲ್ವಾ ಎಂದು ಕೇಳುತ್ತಾರೆ. ಎಂತ ಚಾಕಲೇಟ್ ಮಾರಾಯ್ರೆ, ಅದು ಪೀಪಾಯಿಯ ಮರವನ್ನು ಒಳಗಿನಿಂದ ಸುಟ್ಟ ವಾಸನೆ ಎಂದರೆ ಮುಖ ಸಣ್ಣ ಮಾಡುತ್ತಾರೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಮನೆಯವರೂ ಹೇಳುತ್ತಾರೆ, ನನ್ನ ಹತ್ತಿರ ಕಲಿತ ಮಕ್ಕಳೂ ಹೇಳುತ್ತಾರೆ. ಹೊಟ್ಟೆ ಹೊರೆದದ್ದು ಕೂಡ ಅದೇ ಮೂಗಿನಿಂದ. ಹದಿಮೂರು ವರ್ಷ ಬಹರೈನಿನ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ ಮಾಡಿದೆ. ಮೊದಲ ಎರಡು ವರ್ಷ ಗ್ಲಾಸು ಒರೆಸಿದ್ದೇ ಒರೆಸಿದ್ದು. ನನಗೂ ರುಚಿ ನೋಡಲು ಕಲಿಸಿ ಎಂದು ಕೇಳಿದ ದಿನ ಅಲ್ಲಿಯ ಬಿಳಿ ಮ್ಯಾನೇಜರ್ ಎಲ್ಲರ ಎದುರು, ಮಸಾಲೆಯಲ್ಲಿ ಬೆಳೆದ ಮೂಗಿಗೆ ಇದೆಲ್ಲ ಸಿಗುವುದಿಲ್ಲ ಎಂದ. ಅವನ ಮೇಲಿನ ಹಟಕ್ಕೇ ಕಲಿತೆ. ಕೊನೆಕೊನೆಗೆ ಯಾವ ಬಾಟಲಿ ಹಾಳಾಗಿದೆ ಎಂದು ಅವನೇ ನನ್ನ ಹತ್ತಿರ ಕೇಳಿಕೊಂಡು ಬರುತ್ತಿದ್ದ. ಆದರೂ ಆ ಮಾತನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಊರಿಗೆ ಬಂದು ಕೆಲವು ವರ್ಷವಾಯಿತು. ಕಾಪುವಿನಿಂದ ಒಳಗೆ, ಶಂಕರಪುರದ ಹತ್ತಿರ ಅಣ್ಣನ ಮನೆಯಲ್ಲಿದ್ದೇನೆ. ಅಣ್ಣ ಮಸ್ಕತ್ತಿನಲ್ಲಿ. ಮನೆ, ಅಂಗಳದ ಮಲ್ಲಿಗೆ ಗಿಡಗಳು ಮತ್ತು ಕೊನೆಯ ಮಾತು, ಮೂರೂ ಅತ್ತಿಗೆಯದ್ದು. ನಮ್ಮ ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಮಲ್ಲಿಗೆ ಇಲ್ಲದ ಅಂಗಳ ಕಡಿಮೆ. ಬೆಳಕು ಹರಿಯುವಾಗಲೇ ಮೊಗ್ಗು ಕೊಯ್ಯಬೇಕು, ಬಾಡದ ಹಾಗೆ ಒದ್ದೆ ಬಟ್ಟೆ ಮುಚ್ಚಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂವು ಒಯ್ಯುವವನು ಬರುವಷ್ಟರಲ್ಲಿ ಮಾಲೆ ಸುತ್ತಿದ ಚೆಂಡು ತಯಾರಿರಬೇಕು. ನಾನು ಹುಟ್ಟಿ ಬೆಳೆದದ್ದೇ ಆ ಹೂವಿನ ಬುಟ್ಟಿಯ ಬದಿಯಲ್ಲಿ. ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಉಡುಪಿ ದಾಟಿ ಮಣಿಪಾಲಕ್ಕೆ ಹೋಗುತ್ತೇನೆ. ಅಲ್ಲಿ ಹೋಟೆಲ್ ಕೆಲಸ ಕಲಿಯುವವರಿಗೆ ವೈನಿನ ಪಾಠ ಮಾಡುತ್ತೇನೆ.

ಅವರಲ್ಲಿ ಒಬ್ಬಳು ಹಿರಿಯಡ್ಕದ ಹುಡುಗಿ. ತುಳು ಮನೆಯವಳು, ಮಾತು ಕಡಿಮೆ, ನೋಟ ನೇರ. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಹೇಳಿದರೆ ನನಗೇ ನಾಚಿಕೆ. ಒಂದು ದಿನ ತರಗತಿಯಲ್ಲಿ ನಾನು ಲೇಬಲ್ ಮುಚ್ಚಿದ ಬಾಟಲಿಯಿಂದ ಒಂದು ಗುಟುಕು ಕುಡಿದು, ಇದರಲ್ಲಿ ಮೆರ್ಲೋ ದ್ರಾಕ್ಷಿ ಹೆಚ್ಚು ಎಂದೆ. ಅವಳು ಎದ್ದು ನಿಂತು, ಇಲ್ಲ ಮೇಡಂ, ಒಗರು ಹಲ್ಲಿನ ಬುಡದವರೆಗೆ ಹಿಡಿಯುತ್ತದೆ, ಕ್ಯಾಬರ್ನೆಯೇ ಹೆಚ್ಚು ಎಂದಳು. ಲೇಬಲ್ ಮೇಲಿನ ಕಾಗದ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ. ಹಿಂದಿನ ಬೆಂಚಿನವರು ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು. ಅಧಿಕಪ್ರಸಂಗಿ ಎಂದು ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟೆ.

ಅವಳ ಮನೆಯ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಹೇಳಿದ್ದಳು. ಹುಡುಗಿ ಮದ್ಯದ ಬಾಟಲಿ ಹಿಡಿದು ಕೆಲಸ ಮಾಡುವುದು ಮನೆಯಲ್ಲಿ ಯಾರಿಗೂ ಸರಿಕಾಣುತ್ತಿರಲಿಲ್ಲವಂತೆ. ಕಾರ್ಕಳದಲ್ಲಿ ಬಟ್ಟೆ ಅಂಗಡಿ ಇರುವ ಅವಳ ಸೋದರಮಾವ ನಡುವೆ ಬಂದು ಒಂದು ತೀರ್ಮಾನ ಮಾಡಿದ್ದರು. ಒಂದೇ ಒಂದು ಸಲ ಪ್ರಯತ್ನ ಮಾಡಬೇಕು. ಒಳ್ಳೆಯ ಕಡೆ ಕೆಲಸ ಸಿಕ್ಕಿದರೆ ಹೋಗಬಹುದು, ಇಲ್ಲದಿದ್ದರೆ ಮರುಮಾತಿಲ್ಲದೆ ಅಂಗಡಿಗೆ ಬಂದು ನಿಲ್ಲಬೇಕು. ಸಿಗ್ತದೆ ಮೇಡಂ, ನನಗೆ ಬೇರೆ ಎಂತದೂ ಬೇಡ ಎಂದಿದ್ದಳು. ನಾನು ಹೂಂ ಎಂದು ಬಸ್ಸು ಹತ್ತಿದ್ದೆ.

ಆ ಒಂದು ಅವಕಾಶ ಬಂದದ್ದು ಮಣಿಪಾಲದ ಒಂದು ಹೊಸ ಹೋಟೆಲಿನಿಂದ. ಮಾಲೀಕ ಪಡುಬಿದ್ರಿಯ ಕಡೆಯವನು, ಗಲ್ಫಿನಲ್ಲಿ ದುಡಿದು ಬಂದವನು. ವೈನ್ ನೋಡಿಕೊಳ್ಳಲು ಅವನಿಗೆ ಒಬ್ಬರು ಬೇಕು, ಆರು ತಿಂಗಳು ನಾಸಿಕಕ್ಕೆ ಕಳಿಸಿ ತರಬೇತಿಯನ್ನೂ ಕೊಡಿಸುತ್ತೇನೆ ಎಂದ. ಫ್ರಾನ್ಸಿನ ಬೋರ್ಡೋ ತರಹದ ಕೆಂಪು ವೈನಿಗೇ ತನ್ನ ಹೋಟೆಲು ಹೆಸರಾಗಬೇಕು ಎಂಬ ಹುಚ್ಚು ಅವನಿಗೆ. ಹುಚ್ಚು ಇರಲಿ, ಆ ಬಾಟಲಿಗಳನ್ನೆಲ್ಲ ಏಪ್ರಿಲ್ ತಿಂಗಳ ಸೆಕೆಯಲ್ಲಿ ಕೌಂಟರಿನ ಮೇಲೆ ಸಾಲಾಗಿ ನಿಲ್ಲಿಸಿದ್ದ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿಯೇ ಕೊಡಬೇಕು ಎಂದು ಪುಸ್ತಕದಲ್ಲಿ ಉಂಟಂತೆ. ಆ ಪುಸ್ತಕ ಬರೆದವನ ಕೋಣೆ ಫ್ರಾನ್ಸಿನಲ್ಲಿ ಉಂಟು, ನಿಮ್ಮದು ಮಣಿಪಾಲದಲ್ಲಿ ಉಂಟು ಎಂದು ಬೊಬ್ಬೆ ಹೊಡೆದು ಎಲ್ಲವನ್ನೂ ತಂಪಿಗೆ ಇಡಿಸಿದೆ.

ಬೋರ್ಡೋ ತರಹ ಎಂದರೆ ಒಂದೇ ದ್ರಾಕ್ಷಿಯದ್ದಲ್ಲ, ನಾಲ್ಕೈದು ದ್ರಾಕ್ಷಿಯ ವೈನನ್ನು ಬೇರೆ ಬೇರೆ ಮಾಡಿ ಆಮೇಲೆ ಕೂಡಿಸಿದ್ದು. ಕ್ಯಾಬರ್ನೆ ಸೋವಿನ್ಯೋ ಬೆನ್ನೆಲುಬು, ಒಗರು ಅದರದ್ದು. ಮೆರ್ಲೋ ಮೆತ್ತಗೆ, ಬಾಯಿ ತುಂಬುತ್ತದೆ. ಕ್ಯಾಬರ್ನೆ ಫ್ರಾಂ ಸ್ವಲ್ಪ ಹಸಿ ಎಲೆಯ ವಾಸನೆ ತರುತ್ತದೆ, ಪೆಟಿ ವೆರ್ದೋ ಚೂರೇ ಹಾಕುವುದು, ಬಣ್ಣ ಕಪ್ಪಾಗಲಿಕ್ಕೆ. ಈಗ ಆ ಕ್ರಮವನ್ನು ಹಿಡಿದು ನಾಸಿಕದಲ್ಲೂ ವಿಜಯಪುರದ ಕಡೆಯಲ್ಲೂ ಚಿಲಿಯಲ್ಲೂ ಮಾಡುತ್ತಾರೆ. ಇಂಥ ವೈನಿನ ಬೆಲೆ ಕಟ್ಟುವುದೆಂದರೆ ಕೂಡುಕುಟುಂಬದ ಮನೆಗೆ ಹೋಗಿ ಕೂತ ಹಾಗೆ. ಯಾರ ಮಾತು ನಡೆಯುತ್ತದೆ, ಯಾರು ಒಳಗೇ ಮುನಿಸಿಕೊಂಡಿದ್ದಾರೆ, ಇನ್ನೂ ಕೆಲವು ವರ್ಷ ಒಟ್ಟಿಗೆ ಇಟ್ಟರೆ ಹೊಂದಿಕೊಂಡಾರಾ ಅಥವಾ ಈಗಲೇ ಮುಗಿದಿದೆಯಾ, ಇದನ್ನು ಹೇಳಬೇಕು. ಇದು ಬಾಯಿಪಾಠದಿಂದ ಬರುವುದಿಲ್ಲ.

ಪರೀಕ್ಷೆಗೆ ಇಬ್ಬರು ತೀರ್ಪುಗಾರರು. ಒಬ್ಬಳು ನಾನು, ಇನ್ನೊಬ್ಬರು ಉಡುಪಿಯ ಒಬ್ಬ ನಿವೃತ್ತ ಪ್ರೊಫೆಸರ್. ವೈನಿನ ಪುಸ್ತಕಗಳನ್ನು ಓದಿ ಓದಿ ಪಂಡಿತರಾದವರು. ಸೀಡರ್ ಮರ, ಪೆನ್ಸಿಲಿನ ಸೀಸ, ಸಿಗಾರಿನ ಡಬ್ಬಿ ಎಂದೆಲ್ಲ ಹೇಳುತ್ತಾ ಹೋಗುತ್ತಾರೆ. ಸಿಗಾರಿನ ಡಬ್ಬಿಯನ್ನು ಕಣ್ಣಿನಿಂದ ಕಂಡಿದ್ದಾರಾ ಎಂದು ನನಗೆ ಸಂಶಯ. ನನಗೆ ಅವರೂ ಆಗುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ನಾನು ಮನೆಯಿಂದ ಒಂದು ಬಟ್ಟೆ ತೆಗೆದುಕೊಂಡು ಹೋದೆ. ಹೋಟೆಲಿನವರು ಕೊಡುವ ಹೊಸ ಟವೆಲಿನಿಂದ ಒರೆಸಿದರೆ ಗ್ಲಾಸಿಗೆ ನೂಲಿನ ಎಳೆ ಹಿಡಿಯುತ್ತದೆ, ಸಾಬೂನಿನ ಪರಿಮಳ ಬೇರೆ. ನಮ್ಮ ಮನೆಯ ಹಿಂದಿನ ಹಗ್ಗದಲ್ಲಿ ಒಂದು ತುಂಡು ನೇತಾಡುತ್ತಿತ್ತು. ತೀರಿಹೋದ ಅಪ್ಪನ ತೆಳು ಹತ್ತಿಯ ಮಲ್ ಪಂಚೆಯದ್ದು, ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಆದದ್ದು. ಗ್ಲಾಸಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ ಎಂದು ಎಣಿಸಿದೆ. ಸಾಬೂನು ಮುಟ್ಟಿಸದೆ ಬರೀ ನೀರಿನಲ್ಲಿ ಅದ್ದಿ ಹಿಂಡಿದೆ. ಹೋಟೆಲಿನಲ್ಲಿ ಯಾರನ್ನೂ ಹತ್ತಿರ ಸೇರಿಸದೆ, ಎಲ್ಲ ಗ್ಲಾಸುಗಳನ್ನೂ ನಾನೇ ಒಂದೊಂದಾಗಿ ಒರೆಸಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆ ಇರಲಿಲ್ಲ.

ಸೆಂಟು, ಪೌಡರು, ಹೂವು ಯಾವುದೂ ಬೇಡ ಎಂದು ಮೊದಲೇ ಹೇಳಿದ್ದೆ. ಆದರೂ ಒಬ್ಬ ಸೆಂಟು ಹೊಡೆದುಕೊಂಡು ಬಂದಿದ್ದ, ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ. ಹಿರಿಯಡ್ಕದ ಹುಡುಗಿ ಕೂದಲನ್ನು ಬಿಗಿಯಾಗಿ ಕಟ್ಟಿ, ಹಣೆಯ ಮೇಲೆ ಒಂದು ಬಿಂದಿ ಬಿಟ್ಟರೆ ಬೇರೆ ಎಂತದೂ ಇಲ್ಲದೆ ಬಂದು ಕೂತಳು. ಒಟ್ಟು ಏಳು ಜನ. ಪ್ರತಿಯೊಬ್ಬರ ಎದುರಿಗೂ ಐದು ಗ್ಲಾಸು, ಐದು ಬೇರೆ ಬೇರೆ ಮಿಶ್ರಣ. ಮೂರನೆಯದ್ದರಲ್ಲಿ ನಾನು ಉಪಾಯ ಮಾಡಿದ್ದೆ. ಆ ಬಾಟಲಿಯನ್ನು ಮೂರು ದಿನ ಮೊದಲೇ ತೆರೆದು ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟಿದ್ದೆ. ಯಾವುದರಲ್ಲಿ ದೋಷ ಉಂಟು, ಎಂತ ದೋಷ ಎಂಬುದು ಕೊನೆಯ ಪ್ರಶ್ನೆ. ಅದು ತಪ್ಪಿದವರಿಗೆ ಕೆಲಸ ಇಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು.

ಎಲ್ಲರೂ ತಲೆ ತಗ್ಗಿಸಿ ಬರೆಯಲು ಸುರು ಮಾಡಿದರು. ಅವಳು ಮಾತ್ರ ಬರೆಯಲಿಲ್ಲ. ಮೊದಲ ಗ್ಲಾಸಿನಿಂದ ಐದನೆಯದ್ದರವರೆಗೆ ಒಂದೊಂದಾಗಿ ಮೂಸಿದಳು, ಮತ್ತೆ ಮೊದಲನೆಯದ್ದು. ಆಮೇಲೆ ಕೈ ಎತ್ತಿದಳು.

"ಮೇಡಂ, ಐದೂ ಗ್ಲಾಸಿನಲ್ಲಿ ಮಲ್ಲಿಗೆ ವಾಸನೆ ಉಂಟು. ವೈನಿನದ್ದಲ್ಲ, ಗ್ಲಾಸಿನದ್ದು ಅಂತ ಕಾಣ್ತದೆ. ಬೇರೆ ಗ್ಲಾಸಿನಲ್ಲಿ ಕೊಡ್ತೀರಾ?"

ನನಗೆ ಸಿಟ್ಟು ಮಂಡೆಗೆ ಏರಿತು. ಗ್ಲಾಸಿನದ್ದು ಎನ್ನುವುದಾ? ಹದಿಮೂರು ವರ್ಷ ಗ್ಲಾಸು ಒರೆಸಿದ ನನಗೆ? ನನ್ನ ಮುಂದಿದ್ದ ಗ್ಲಾಸನ್ನು ಎತ್ತಿ ಮೂಸಿದೆ. ವೈನ್ ಬಿಟ್ಟರೆ ಬೇರೆ ವಾಸನೆ ಇಲ್ಲ. ಪ್ರೊಫೆಸರರ ಕಡೆ ನೋಡಿದೆ. ಅವರು ಗ್ಲಾಸು ಮೂಗಿಗೆ ಹಿಡಿದು, ನನ್ನ ಮುಖ ನೋಡಿ, ತಲೆಯನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬ ಹಾಗೆ ಆಡಿಸಿದರು. ಉಳಿದವರ್‍ಯಾರೂ ತಲೆ ಎತ್ತಲಿಲ್ಲ. ನಾನು ಅವಳ ಮೇಜಿನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಈ ಗ್ಲಾಸು ಒರೆಸಿದ್ದು ನಾನು. ಮಸಾಲೆಯಲ್ಲಿ ಬೆಳೆದ ಮೂಗಿಗೆ ಇದೆಲ್ಲ ಸಿಗುವುದಿಲ್ಲ."

ಹೌದು, ಅದೇ ಮಾತು. ಇಷ್ಟು ವರ್ಷ ನನ್ನನ್ನು ಸುಟ್ಟ ಮಾತು ನನ್ನ ಬಾಯಿಯಿಂದಲೇ ಸಲೀಸಾಗಿ ಬಂತು. ಆಗ ನನಗೆ ಅದು ಗೊತ್ತೂ ಆಗಲಿಲ್ಲ. ಅವಳ ಮುಖ ಕೆಂಪಾಯಿತು, ಆದರೆ ಕಣ್ಣು ತಗ್ಗಿಸಲಿಲ್ಲ. ಬರೆಯಲು ಸುರು ಮಾಡಿದಳು.

ಕಾಗದ ಕೊಡುವಾಗ ನೋಡಿದೆ. ನಿಜ ಹೇಳುತ್ತೇನೆ, ಆ ಏಳರಲ್ಲಿ ಅಂಥ ಕಾಗದ ಇನ್ನೊಂದಿರಲಿಲ್ಲ. ಮೊದಲನೆಯದ್ದರಲ್ಲಿ ಮೆರ್ಲೋ ಮುಂದೆ, ಈಗಲೇ ಕುಡಿದು ಮುಗಿಸಬೇಕು. ಎರಡನೆಯದ್ದರಲ್ಲಿ ಕ್ಯಾಬರ್ನೆಯ ಒಗರು ಇನ್ನೂ ಹಸಿ, ನಾಲ್ಕೈದು ವರ್ಷ ಕಾಯಬೇಕು. ಐದನೆಯದ್ದರಲ್ಲಿ ಪೀಪಾಯಿಯ ಮರವೇ ದ್ರಾಕ್ಷಿಯನ್ನು ನುಂಗಿ ಹಾಕಿದೆ. ಎಲ್ಲ ಸರಿ. ದೋಷದ ಪ್ರಶ್ನೆಗೆ, ಮೂರನೆಯದ್ದು ತೆರೆದಿಟ್ಟು ಸತ್ತ ವೈನ್ ಎಂದೂ ಬರೆದಿದ್ದಳು. ಅದರ ಕೆಳಗೆ ಇನ್ನೊಂದು ಸಾಲು. ಐದೂ ಗ್ಲಾಸುಗಳಲ್ಲಿ ಮಲ್ಲಿಗೆಯ ವಾಸನೆ ಇದೆ, ಇದರಲ್ಲಿ ಕೊಟ್ಟ ಯಾವ ತೀರ್ಪೂ ಪೂರ್ತಿ ನಂಬುವ ಹಾಗಿಲ್ಲ.

ಆ ಒಂದು ಸಾಲು ಹೊಡೆದು ಹಾಕು, ಉಳಿದದ್ದನ್ನು ನೋಡುತ್ತೇನೆ ಎಂದು ಪೆನ್ನು ಮುಂದೆ ಹಿಡಿದೆ. ಅದನ್ನು ಕರುಣೆ ಎಂದು ಎಣಿಸಿದ್ದೆ ನಾನು.

"ಇದ್ದದ್ದನ್ನೇ ಬರೆದದ್ದು ಮೇಡಂ," ಎಂದಳು. "ಹೊಡೆದು ಹಾಕುದಿಲ್ಲ."

ದೋಷದ ಪ್ರಶ್ನೆಗೆ ಸೊನ್ನೆ ಹಾಕಿದೆ. ಐದು ಗ್ಲಾಸಿಗೂ ದೋಷ ಹೇಳಿದವಳು ಮೂರನೆಯದ್ದನ್ನು ಹಿಡಿದದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದು ಪ್ರೊಫೆಸರರ ಎದುರು ವಾದ ಹೂಡಿದೆ. ಅವರು ಹೌದು ಹೌದು ಎಂದರು. ಕೆಲಸ ಸಿಕ್ಕಿದ್ದು ಮಂಗಳೂರಿನ ಒಬ್ಬನಿಗೆ. ಅವನು ಸೀಡರ್, ಸಿಗಾರು ಎಲ್ಲ ಬರೆದಿದ್ದ, ಮೂರನೆಯದ್ದನ್ನು ಹಿಡಿದೂ ಇದ್ದ.

ಸಂಜೆ ಮನೆಗೆ ಬಂದು ಬಟ್ಟೆಯನ್ನು ಮೇಜಿನ ಮೇಲೆ ಹಾಕಿದೆನೋ ಇಲ್ಲವೋ, ಅತ್ತಿಗೆ ಜಗಳಕ್ಕೇ ಬಂದಳು. ಅದು ಮೊಗ್ಗು ಮುಚ್ಚುವ ಬಟ್ಟೆ, ಎಷ್ಟೋ ವರ್ಷದಿಂದ ಅದನ್ನೇ ಮುಚ್ಚುವುದು, ಬೆಳಿಗ್ಗೆ ಹುಡುಕಿ ಹುಡುಕಿ ಸಾಕಾಯಿತು, ಯಾರನ್ನು ಕೇಳಿ ತೆಗೆದುಕೊಂಡು ಹೋದದ್ದು ಎಂದು ಕೇಳಿದಳು. ನಾನೂ ನಾಲ್ಕು ಮಾತು ಹೆಚ್ಚೇ ಹೇಳಿದೆ. ಹೇಳುತ್ತಿರುವಾಗಲೇ ಮೊಗ್ಗು ಮುಚ್ಚುವ ಬಟ್ಟೆ ಎಂಬ ಮಾತು ಕಿವಿಗೆ ಸರಿಯಾಗಿ ಬಿತ್ತು.

ಬಟ್ಟೆ ತೆಗೆದು ಮೂಸಿದೆ. ಎಂತ ವಾಸನೆಯೂ ಇಲ್ಲ. ಆಗ ನೆನಪಾಯಿತು, ನನಗೆ ನಮ್ಮ ಮನೆಯಲ್ಲಿ ಮಲ್ಲಿಗೆಯ ವಾಸನೆ ಬರುವುದೇ ಇಲ್ಲ. ಬಹರೈನಿನಿಂದ ರಜೆಗೆ ಬಂದಾಗ ಮೊದಲ ದಿನ ಗೇಟಿನ ಹತ್ತಿರವೇ ಬಂದು ಹೊಡೆಯುತ್ತಿತ್ತು. ಎರಡನೇ ದಿನಕ್ಕೆ ಇಲ್ಲ. ಈಗಂತೂ ವರ್ಷಗಟ್ಟಲೆ ಅದರಲ್ಲಿಯೇ ಮಲಗಿ ಎದ್ದವಳು. ಹಾಳಾದ ಬಾಟಲಿಯನ್ನು ಇಷ್ಟು ದೂರದಿಂದ ಹಿಡಿಯುವ ಮೂಗಿಗೆ ಸ್ವಂತ ಮನೆಯ ವಾಸನೆ ಸಿಗುವುದಿಲ್ಲ. ಗಿರಾಕಿಗಳ ಮುಂದೆ ಗ್ಲಾಸು ಇಡುವ ಮೊದಲು ಬೇರೆಯವರ ಮೂಗಿಗೂ ಒಮ್ಮೆ ಕೊಟ್ಟು ನೋಡಿ ಎಂದು ಮಕ್ಕಳಿಗೆ ಪಾಠ ಮಾಡುವವಳು ನಾನು.

ಅವತ್ತೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಬಟ್ಟೆ ಒದ್ದೆ ಮಾಡಿ ಹಿಂಡಿದ್ದೇನಲ್ಲ, ವಾಸನೆ ಹೋಗಿರಬಹುದು ಎಂದುಕೊಂಡೆ. ಉಳಿದ ಆರು ಜನ ಎಂತದೂ ಹೇಳಲಿಲ್ಲವಲ್ಲ ಎಂದುಕೊಂಡೆ. ಅವಳ ಹಣೆಬರಹಕ್ಕೆ ನಾನು ಹೊಣೆಯಾ ಎಂದೂ ಎಂದುಕೊಂಡೆ. ನಾಲ್ಕು ವಾರ ಹೀಗೆ ಹೋಯಿತು. ಆದಿತ್ಯವಾರ ಇಗರ್ಜಿಯಲ್ಲಿ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಬಂದಾಗ ನನ್ನ ತಪ್ಪು, ನನ್ನ ತಪ್ಪು ಎಂದು ಎಲ್ಲರೊಟ್ಟಿಗೆ ಎದೆ ಮುಟ್ಟಿಕೊಂಡೆ, ಅಷ್ಟೆ. ಬಾಯಿ ಮಾತ್ರ ಬಿಡಲಿಲ್ಲ.

ಐದನೇ ವಾರ ಉಡುಪಿಯಲ್ಲಿ ಒಂದು ಮದುವೆಯ ಊಟದಲ್ಲಿ ಪ್ರೊಫೆಸರ್ ಸಿಕ್ಕಿದರು. ಹಾಲ್ ತುಂಬ ಮಲ್ಲಿಗೆ ಮುಡಿದ ಹೆಂಗಸರು. ಅದು ಇದು ಮಾತಾಡುತ್ತಾ, ಅವತ್ತು ಪರೀಕ್ಷೆಯಲ್ಲಿಯೂ ಹೀಗೆಯೇ ಮಲ್ಲಿಗೆ ವಾಸನೆ ಇತ್ತಲ್ಲ ಎಂದು ನಕ್ಕರು. ಅವರಿಗೆ ಮೊದಲ ಗ್ಲಾಸಿನಿಂದಲೇ ವಾಸನೆ ಬಂದಿತ್ತಂತೆ. ನಿಮ್ಮಿಂದಲೇ ಬರುತ್ತಿದೆ ಎಂದು ಎಣಿಸಿದೆ, ಹೆಂಗಸರಿಗೆ ಅದನ್ನು ಹೇಗೆ ಹೇಳುವುದು ಎಂದರು. ಹುಡುಗಿ ಬಾಯಿಬಿಟ್ಟು ಹೇಳಿದಳಲ್ಲ, ಆಗ ಎಂತ ಮಾಡುತ್ತಿದ್ದಿರಿ ಎಂದು ಕೇಳಿದೆ. ನಿಮ್ಮ ಸಿಟ್ಟು ಗೊತ್ತಲ್ವಾ ಎಂದರು. ಕೈಯಲ್ಲಿದ್ದ ಪಾಯಸದ ಲೋಟವನ್ನು ಅವರ ಮುಖಕ್ಕೆ ಎರಚಬೇಕು ಎಂದು ಕಂಡಿತು. ಎರಚಲಿಲ್ಲ, ಕೆಳಗಿಟ್ಟು ಹೊರಗೆ ಬಂದೆ. ಅವರಿಗೆ ಬೈಯಲು ನನಗೆ ಯಾವ ಬಾಯಿ ಇತ್ತು?

ಹೊರಗೆ ನಿಂತೇ ಹೋಟೆಲಿನ ಮಾಲೀಕನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಹುಡುಗಿ ಹೇಳಿದ್ದೇ ಸರಿ, ಕೆಲಸ ಅವಳದ್ದು ಎಂದೆ. ಅವನಿಗೆ ಬೇಸರವೂ ಆಗಲಿಲ್ಲ. ಆಯ್ಕೆಯಾದವನು ಆಗಲೇ ನಾಸಿಕಕ್ಕೆ ಹೋಗಿಯಾಗಿದೆ, ಇನ್ನೊಬ್ಬರನ್ನು ಇಡುವಷ್ಟು ವ್ಯಾಪಾರವಿಲ್ಲ, ಬಿಡಿ ಮೇಡಂ, ಮಲ್ಲಿಗೆ ಒಳ್ಳೆಯ ವಾಸನೆಯೇ ಅಲ್ವಾ ಎಂದ. ನಾಲ್ಕು ವಾರ ಮೊದಲೇ ಹೇಳಿದ್ದರೆ ನೋಡಬಹುದಿತ್ತು ಎಂದೂ ಸೇರಿಸಿದ. ಮಲ್ಲಿಗೆಯ ಮಾತಿಗೆ ಅವನಿಗೆ ಬೈದೆ. ಆ ಕೊನೆಯ ಮಾತು ಮಾತ್ರ ಸರಿಯೇ ಇತ್ತು.

ಮರುದಿನ ಆ ಬಟ್ಟೆಯನ್ನು ಚೀಲದಲ್ಲಿ ಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗೋಣವೇ ಎಂದು ಕಂಡಿತು. ಕಾರ್ಕಳದಲ್ಲಿ ಕೇಳಿಕೊಂಡು ಹೋದೆ. ಅಂಗಡಿಯಲ್ಲಿ ಕೌಂಟರಿನ ಹಿಂದೆ ಅವಳು ನಿಂತಿದ್ದಳು, ಒಬ್ಬ ಅಮ್ಮನಿಗೆ ಲಂಗದ ಬಟ್ಟೆ ಅಳೆದು ಕತ್ತರಿಸುತ್ತಿದ್ದಳು. ನನ್ನನ್ನು ಕಂಡಳು. ಆ ಅಮ್ಮನ ಕೆಲಸ ಪೂರ್ತಿ ಮುಗಿಸಿ, ಕಟ್ಟಿ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು. ಎಂತ ಬೇಕಿತ್ತು ಮೇಡಂ ಎಂದು ಕೇಳಿದಳು.

ನಾನು ಬಟ್ಟೆ ಹೊರಗೆ ತೆಗೆದೆ. ಕೌಂಟರಿನ ಮೇಲೆ ಇಡುವ ಮೊದಲೇ ಅವಳ ಮೂಗು ಸಣ್ಣಗೆ ಅಲುಗಿತು. ಇದರಲ್ಲೇ ಒರೆಸಿದ್ದು, ನಮ್ಮ ಮನೆಯಲ್ಲಿ ಮೊಗ್ಗಿಗೆ ಮುಚ್ಚುವ ಬಟ್ಟೆ, ನನಗೆ ವಾಸನೆ ಸಿಗಲಿಲ್ಲ, ಸಿಗುವುದೂ ಇಲ್ಲ ಎಂದೆ. ಹೋಟೆಲಿಗೆ ಹೇಳಿದ್ದೇನೆ, ಆದರೆ ತಡವಾಯಿತು ಎಂದೆ. ಅವತ್ತೇ ಸಂಜೆ ನನಗೆ ಗೊತ್ತಾಗಿತ್ತು ಎಂಬುದನ್ನೂ ಹೇಳಿದೆ. ಅದನ್ನು ನುಂಗಿಕೊಂಡು ಬಂದಿದ್ದರೆ ಬಂದದ್ದಕ್ಕೆ ಅರ್ಥವಿರಲಿಲ್ಲ. ಬೈಯಲಿ, ಎಲ್ಲರಿಗೂ ಕೇಳುವ ಹಾಗೆ ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಡೆ ದೂಡಿದಳು.

"ಬೇರೆ ಗ್ಲಾಸಿನಲ್ಲಿ ಕೊಡಬಹುದಿತ್ತಲ್ವಾ ಮೇಡಂ," ಎಂದಳು. "ನಾನು ಕೇಳಿದ್ದು ಅಷ್ಟೇ."

ನಾನು ಬಟ್ಟೆಯನ್ನು ಚೀಲಕ್ಕೆ ಹಾಕಿದೆ. ಅವಳು ಕಪಾಟಿನಿಂದ ಬಿಳಿ ಮಲ್ ಬಟ್ಟೆಯ ಒಂದು ಥಾನು ಇಳಿಸಿದಳು. ಒಂದು ಮೂಲೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ಇದು ಎಳೆ ಬಿಡುವುದಿಲ್ಲ, ಎರಡು ಸಲ ಬಿಸಿನೀರಿನಲ್ಲಿ ಕುದಿಸಿ ಗಂಜಿ ತೆಗೆಯಿರಿ, ಒಣಗಿಸುವುದು ಮಾತ್ರ ನಿಮ್ಮ ಮನೆಯಲ್ಲಿ ಬೇಡ ಎಂದಳು. ಎಷ್ಟು ಮೀಟರ್ ಎಂದು ಕೇಳಿದಳು. ಎರಡು ಎಂದೆ. ಅಳೆದಳು, ಕತ್ತರಿಸಿದಳು, ನೂಲು ಎಳೆದು ಅಂಚು ನೇರ ಮಾಡಿದಳು. ಅಂಥ ನಾಜೂಕಿನ ಕೈಯನ್ನು ನಾನು ಬಹರೈನಿನಲ್ಲೂ ಕಂಡದ್ದು ಕಡಿಮೆ.

ಒಳಗಿನಿಂದ ಅವಳ ಮಾವ, ಯಾರು ಬಂದದ್ದು, ಇಷ್ಟು ಹೊತ್ತು ಮಾತು ಎಂದು ತುಳುವಿನಲ್ಲಿ ಕೇಳಿದರು. ಅವಳು ಕಟ್ಟನ್ನು ನನ್ನ ಕೈಗೆ ಕೊಡುತ್ತಾ, ನನ್ನ ಮುಖವನ್ನೇ ನೋಡುತ್ತಾ, ತುಳುವಿನಲ್ಲಿಯೇ ಉತ್ತರ ಕೊಟ್ಟಳು. ಯಾರೂ ಅಲ್ಲ, ಗಿರಾಕಿ ಎಂದಳು. ನನಗೆ ತುಳು ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.